ಮೊದಲು ಹುಟ್ಟಿದವರ ಪಾಲು

ಒಬ್ಬ ಗಂಡಸಿಗೆ ಇಬ್ಬರು ಹೆಂಡತಿಯರು. ಒಬ್ಬಳ ಮೇಲೆ ಅವನಿಗೆ ಪ್ರೀತಿ, ಇನ್ನೊಬ್ಬಳ ಮೇಲೆ ತಾತ್ಸಾರ. ಚೊಚ್ಚಲ ಮಗ ಹುಟ್ಟಿದ್ದು ತಾತ್ಸಾರಕ್ಕೆ ಗುರಿಯಾದವಳಿಗೆ. ಆಸ್ತಿ ಹಂಚುವಾಗ ಅವನು ನೆಚ್ಚಿನ ಹೆಂಡತಿಯ ಮಗನನ್ನು ಹಿರಿಯನ ಜಾಗದಲ್ಲಿ ಕೂರಿಸುವಂತಿಲ್ಲ. ತನಗಿರುವುದರಲ್ಲಿ ಎರಡು ಪಾಲನ್ನು ಆ ಚೊಚ್ಚಲ ಮಗನಿಗೇ ಕೊಡಬೇಕು. ಹೀಬ್ರೂ ಧರ್ಮಗ್ರಂಥದ ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದಲ್ಲಿ ಬರುವ ನಿಯಮವಿದು. ಹಿರಿಯ ಮಗುವಿಗೆ ಹೆಚ್ಚಿನ ಪಾಲು ಕೊಡುವ ಪದ್ಧತಿಗಳ ಬಗ್ಗೆ ಓದುತ್ತ ಹೋದಾಗ ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು ಇದೇ. ಜ್ಯೇಷ್ಠಾಧಿಕಾರವೆಂದರೆ ತಂದೆಯ ಅಧಿಕಾರದ ಮುಂದುವರಿಕೆ ಎಂದೇ ನಾನು ತಿಳಿದಿದ್ದೆ. ಇಲ್ಲಿ ಅದು ತಂದೆಯ ಕೈಯನ್ನೇ ಕಟ್ಟಿಹಾಕುತ್ತಿತ್ತು. ಅವನ ಒಲವು ಎತ್ತ ವಾಲಿದರೂ ಹುಟ್ಟಿನ ಕ್ರಮ ಬದಲಾಗುವುದಿಲ್ಲ, ಆದ್ದರಿಂದ ತಾಯಿಯ ದುರದೃಷ್ಟಕ್ಕೆ ಮಗ ಬೆಲೆ ತೆರಬೇಕಾಗಿಲ್ಲ.

ನಾನು ನಮ್ಮ ಮನೆಯ ಎರಡನೆಯ ಮಗು. ಈ ವಿಷಯದಲ್ಲಿ ಬರೆಯುವವರು ಹುಟ್ಟಿದ ಕ್ರಮವನ್ನು ಓದುಗರು ತಿಳಿದಿರುವುದು ಒಳ್ಳೆಯದೆಂದು ಇದನ್ನು ಹೇಳುತ್ತಿದ್ದೇನೆ. ಹಿರಿಯರಿಗೆ ಹೆಚ್ಚು ಸಲ್ಲಬೇಕೆಂಬ ವಾದ ನನಗೆ ಎಂದೂ ಒಪ್ಪಿಗೆಯಾಗಿಲ್ಲ, ಈಗಲೂ ಇಲ್ಲ. ಆದರೆ ಅದನ್ನು ಕೇವಲ ಹಳೆಯ ಕಾಲದ ಅನ್ಯಾಯವೆಂದು ತಳ್ಳಿಹಾಕಿದರೆ ಅದರೊಳಗೆ ಇದ್ದ ಒಂದು ಒಪ್ಪಂದ ಕಣ್ಣಿಗೆ ಬೀಳದೆ ಹೋಗುತ್ತದೆ. ಹೆಚ್ಚಿನ ಪಾಲನ್ನು ಹೆಚ್ಚಿನ ಹೊಣೆಯ ಜೊತೆಗೆ ಕೊಡಲಾಗುತ್ತಿತ್ತು. ಇಂದು ಅನೇಕ ಕುಟುಂಬಗಳಲ್ಲಿ ನಡೆಯುವ ಜಗಳದ ಮೂಲವನ್ನು ಹುಡುಕುತ್ತ ಹೋದರೆ, ಆ ಒಪ್ಪಂದ ನಡುವೆ ಸೀಳಿಹೋಗಿ ಪಾಲು ಒಬ್ಬರ ಕೈಗೂ ಹೊಣೆ ಇನ್ನೊಬ್ಬರ ಹೆಗಲಿಗೂ ಬಿದ್ದಿರುವುದು ಕಾಣುತ್ತದೆ.

ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಈ ಒಪ್ಪಂದ ಬಹಳ ಸ್ಪಷ್ಟವಾಗಿದೆ. ಪಿತ್ರಾರ್ಜಿತವನ್ನೆಲ್ಲ ಹಿರಿಯನೇ ಪಡೆಯಬಹುದು, ಉಳಿದವರು ತಂದೆಯನ್ನು ಆಶ್ರಯಿಸಿದ್ದಂತೆ ಅವನನ್ನು ಆಶ್ರಯಿಸಿ ಬದುಕಬೇಕು ಎಂಬುದು ಅಲ್ಲಿ ಹೇಳಿರುವ ಒಂದು ದಾರಿ. ಬೇರೆಯಾಗುವುದಾದರೆ ಹಿರಿಯನಿಗೆ ಒಟ್ಟು ಆಸ್ತಿಯ ಇಪ್ಪತ್ತನೆಯ ಒಂದು ಭಾಗವನ್ನೂ ಉತ್ತಮ ವಸ್ತುವನ್ನೂ ಮೊದಲೇ ತೆಗೆದಿಟ್ಟು, ನಡುವಿನವನಿಗೆ ಅದರ ಅರ್ಧ, ಕಿರಿಯನಿಗೆ ಅದರ ಕಾಲುಭಾಗ ಎತ್ತಿಟ್ಟು, ಉಳಿದದ್ದನ್ನು ಹಂಚಬೇಕೆಂಬುದು ಇನ್ನೊಂದು ದಾರಿ. ಇದೇ ಅಧ್ಯಾಯ ಹಿರಿಯನಂತೆ ನಡೆದುಕೊಳ್ಳದ ಹಿರಿಯನಿಗೆ ಸಾಮಾನ್ಯ ಬಂಧುವಿಗೆ ಸಲ್ಲುವ ಮರ್ಯಾದೆ ಮಾತ್ರ ಸಾಕೆನ್ನುತ್ತದೆ. ಲೋಭದಿಂದ ತಮ್ಮಂದಿರನ್ನು ವಂಚಿಸಿದವನು ಜ್ಯೇಷ್ಠತ್ವವನ್ನೂ ಪಾಲನ್ನೂ ಕಳೆದುಕೊಂಡು ರಾಜದಂಡನೆಗೆ ಗುರಿಯಾಗಬೇಕೆನ್ನುತ್ತದೆ. ಅಂದರೆ ಮೊದಲು ಹುಟ್ಟಿದ್ದರಿಂದ ಅರ್ಹತೆ ಬರುತ್ತಿತ್ತು, ನಡತೆಯಿಂದ ಮಾತ್ರ ಅದು ಉಳಿಯುತ್ತಿತ್ತು. ಮುಂದೆ ಹನ್ನೊಂದನೆಯ ಶತಮಾನದ ಕೊನೆ, ಹನ್ನೆರಡನೆಯದರ ಆರಂಭದ ವೇಳೆಗೆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನವಾದ ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನು ಈ ವಿಷಮ ವಿಭಾಗವನ್ನು ಕೈಬಿಟ್ಟನು. ಅವನು ಕೊಟ್ಟ ಕಾರಣ ನನಗೆ ಇಂದಿಗೂ ಅಚ್ಚರಿ ಹುಟ್ಟಿಸುತ್ತದೆ: ಶಾಸ್ತ್ರದಲ್ಲಿ ಇದ್ದರೂ ಜನರಿಗೆ ಹೇಸಿಗೆಯಾದದ್ದನ್ನು, ಲೋಕವಿದ್ವಿಷ್ಟವಾದದ್ದನ್ನು, ಆಚರಿಸಬಾರದು. ಒಂದು ಕಾಲದ ಜನರ ನ್ಯಾಯಪ್ರಜ್ಞೆಗೆ ಗ್ರಂಥದ ವಾಕ್ಯವನ್ನು ಪಕ್ಕಕ್ಕೆ ಸರಿಸುವಷ್ಟು ತೂಕವಿದೆಯೆಂದು ಗ್ರಂಥಗಳ ವ್ಯಾಖ್ಯಾನಕಾರನೇ ಒಪ್ಪಿಕೊಂಡ ಗಳಿಗೆಯದು.

ಹಾಗಿದ್ದರೆ ಲೋಕದ ಇಷ್ಟೊಂದು ಕಡೆ ಈ ಪದ್ಧತಿ ಬೇರೂರಿದ್ದೇಕೆ? ಸಿಂಹಾಸನಗಳ ಮಟ್ಟಿಗೆ ಉತ್ತರ ಸುಲಭ. ಪಶ್ಚಿಮ ಯುರೋಪಿನ ಬಹುಭಾಗವನ್ನು ಆಳಿದ ಚಕ್ರವರ್ತಿ ಷಾರ್ಲ್‌ಮೇನನ ಸಾಮ್ರಾಜ್ಯವನ್ನು ಅವನ ಮೂವರು ಮೊಮ್ಮಕ್ಕಳು 843ರ ವರ್ಡನ್ ಒಪ್ಪಂದದಲ್ಲಿ ಹರಿದು ಹಂಚಿಕೊಂಡರು. ಆಟೊಮನ್ ಅರಸೊತ್ತಿಗೆಯಲ್ಲಿ ಎಲ್ಲ ರಾಜಕುಮಾರರಿಗೂ ಹಕ್ಕಿತ್ತು. 1595ರಲ್ಲಿ ಪಟ್ಟಕ್ಕೆ ಬಂದ ಮೂರನೆಯ ಮೆಹ್ಮದ್ ತನ್ನ 19 ಸಹೋದರರನ್ನು ಕೊಲ್ಲಿಸಿದ. 1617ರಿಂದ ಈಚೆಗೆ ಅಲ್ಲಿ ವಂಶದ ಹಿರಿಯ ಗಂಡಸಿಗೆ ಪಟ್ಟ ಎಂಬ ರೂಢಿ ಬೆಳೆಯಿತು. ಯಾರು ಮುಂದಿನವರು ಎಂಬ ಪ್ರಶ್ನೆಗೆ ಕತ್ತಿ ಎತ್ತದೆ ಉತ್ತರ ಸಿಗಬೇಕಾದರೆ ಯಾರೂ ತಿದ್ದಲಾಗದ ಒಂದು ಸಂಗತಿ ಬೇಕಿತ್ತು, ಹುಟ್ಟಿದ ದಿನಕ್ಕಿಂತ ಅಚಲವಾದದ್ದು ಬೇರೇನಿರಲಿಲ್ಲ.

ಭೂಮಿಯ ಕಥೆ ಇದಕ್ಕಿಂತ ಸಂಕೀರ್ಣ. 1066ರಲ್ಲಿ ನಾರ್ಮನ್ನರು ಗೆದ್ದ ನಂತರದ ಇಂಗ್ಲೆಂಡಿನಲ್ಲಿ ಭೂಮಿಯನ್ನು ಹಿಡಿದವನು ತನ್ನ ಒಡೆಯನಿಗೆ ಸಶಸ್ತ್ರ ಯೋಧನ ಸೇವೆ ಸಲ್ಲಿಸಬೇಕಿತ್ತು. ಒಬ್ಬ ಯೋಧನನ್ನು, ಅವನ ಕುದುರೆಯನ್ನು, ಕವಚವನ್ನು ಸಾಕುವಷ್ಟು ನೆಲವನ್ನು ನಾಲ್ವರು ಮಕ್ಕಳಿಗೆ ಹಂಚಿದರೆ ಸೇವೆ ಸಲ್ಲಿಸುವವರು ಯಾರು? ಹೀಗೆ ಒಡೆಯರ ಅನುಕೂಲಕ್ಕೆ ಹುಟ್ಟಿದ ನಿಯಮ ಹದಿಮೂರನೆಯ ಶತಮಾನದ ಹೊತ್ತಿಗೆ ಆ ದೇಶದ ಬಹುಪಾಲು ಸ್ವತಂತ್ರ ಹಿಡುವಳಿಗಳಿಗೆ ಹಬ್ಬಿತು. ಎಲ್ಲೆಡೆಯೂ ಅಲ್ಲ: ಕೆಂಟ್ ಪ್ರಾಂತದಲ್ಲಿ ಗಂಡುಮಕ್ಕಳೆಲ್ಲರಿಗೂ ಸಮಪಾಲು ಉಳಿಯಿತು, ಕೆಲವು ಪಟ್ಟಣಗಳಲ್ಲಿ ಕಿರಿಯ ಮಗನಿಗೇ ಎಲ್ಲವೂ ಹೋಗುತ್ತಿತ್ತು. ಕಿರಿಯನಿಗೆ ಕೊಡುವ ಪದ್ಧತಿ ಅಪರೂಪದ್ದೇನಲ್ಲ. ಮೇಘಾಲಯದ ಖಾಸಿ ಸಮಾಜದಲ್ಲಿ ಮನೆ ಕಿರಿಯ ಮಗಳಿಗೆ ಸಲ್ಲುತ್ತದೆ, ಮಂಗೋಲರಲ್ಲಿ ತಂದೆಯ ಒಲೆ ಕಿರಿಯ ಮಗನಿಗೆ ಉಳಿಯುತ್ತಿತ್ತು. ಕೊನೆಯವರೆಗೂ ಹೆತ್ತವರ ಜೊತೆಯಲ್ಲಿ ಉಳಿಯುವ ಮಗು ಅದೇ ಎಂಬ ಎಣಿಕೆ ಇದರ ಹಿಂದಿದೆ. ಹಿರಿಯರಿಗೆ ಕೊಡುವ ಪದ್ಧತಿಯನ್ನು ಪ್ರಕೃತಿಯ ಆಜ್ಞೆಯೆಂದು ಹೇಳುವವರಿಗೆ ಈ ಎರಡು ಸಮಾಜಗಳೇ ಉತ್ತರವಾಗಬಲ್ಲವು.

ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತ ಕುಟುಂಬಗಳು ತಮ್ಮ ವಕೀಲರ ನೆರವಿನಿಂದ ಇನ್ನೊಂದು ಹೆಜ್ಜೆ ಮುಂದೆ ಹೋದವು. ಹಿರಿಯ ಮಗನ ಮದುವೆಯ ವೇಳೆಗೆ ಅವನಿಂದ ಸಹಿ ಹಾಕಿಸಿ, ಆಸ್ತಿ ಅವನ ಜೀವಾವಧಿಗೆ ಮಾತ್ರ ಅವನದು, ಅನಂತರ ಇನ್ನೂ ಹುಟ್ಟದಿರುವ ಅವನ ಹಿರಿಯ ಮಗನದು ಎಂದು ಬರೆಸಿಡುತ್ತಿದ್ದರು. ಅವನು ಅದನ್ನು ಮಾರುವಂತಿಲ್ಲ, ತನಗೆ ಬೇಕಾದವರಿಗೆ ಬರೆದುಕೊಡುವಂತಿಲ್ಲ. ಈ ಪತ್ರಗಳ ರೀತಿಯನ್ನು ಅರ್ಥಮಾಡಿಕೊಂಡ ಮೇಲೆ ಹಿರಿಯ ಮಗನ ಕುರಿತ ನನ್ನ ಅಭಿಪ್ರಾಯ ಸಾಕಷ್ಟು ಬದಲಾಯಿತು. ಅವನಿಗೆ ಆಸ್ತಿ ಸಿಗುವುದಕ್ಕಿಂತ ಆಸ್ತಿಗೆ ಅವನು ಸಿಗುತ್ತಿದ್ದ ಎನ್ನುವುದೇ ಸರಿ. ತಮ್ಮಂದಿರು ಸೈನ್ಯಕ್ಕೋ ಚರ್ಚಿಗೋ ವಕೀಲಿಕೆಗೋ ಹೋಗಿ ತಮ್ಮ ದಾರಿ ತಾವು ಹುಡುಕಿಕೊಳ್ಳಬೇಕಿತ್ತು, ಸರಿ. ಆದರೆ ಅವರಿಗೆ ಕೊನೆಯ ಪಕ್ಷ ಹುಡುಕಲು ಒಂದು ದಾರಿಯಿತ್ತು. ಉಯಿಲು ಬರೆಯದೆ ತೀರಿಕೊಂಡವರ ಭೂಮಿ ಹಿರಿಯ ಮಗನಿಗೇ ಹೋಗುವ ನಿಯಮ ಆ ದೇಶದಲ್ಲಿ ಕೊನೆಗೊಂಡದ್ದು 1925ರ ಕಾಯ್ದೆಯಿಂದ.

ಆಸ್ತಿಯನ್ನು ಇಡಿಯಾಗಿ ಉಳಿಸುವುದರಲ್ಲಿ ಎಂಥ ಬಲ ಅಡಗಿದೆಯೆಂಬುದನ್ನು ಆಳುವವರು ಚೆನ್ನಾಗಿ ಬಲ್ಲವರಾಗಿದ್ದರು. ಐರ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದ ಆರಂಭದಲ್ಲಿ ತಂದ ಕಾನೂನು ಇದಕ್ಕೆ ಸಾಕ್ಷಿ. ಅಲ್ಲಿನ ಕ್ಯಾಥೊಲಿಕರು ಸತ್ತಾಗ ಅವರ ಭೂಮಿಯನ್ನು ಗಂಡುಮಕ್ಕಳೆಲ್ಲರಿಗೂ ಸಮನಾಗಿ ಹಂಚಲೇಬೇಕು; ಆದರೆ ಹಿರಿಯ ಮಗ ಆಡಳಿತದ ಪ್ರಾಟೆಸ್ಟೆಂಟ್ ಚರ್ಚನ್ನು ಸೇರಿದರೆ ಎಲ್ಲವೂ ಅವನೊಬ್ಬನದೇ. ಸಮಪಾಲು ಎಂಬ ಒಳ್ಳೆಯ ಮಾತನ್ನು ಒಂದು ಸಮುದಾಯವನ್ನು ಎರಡು ಮೂರು ತಲೆಮಾರುಗಳಲ್ಲಿ ಪುಡಿಗಟ್ಟಲು ಬಳಸಿದರು, ಜ್ಯೇಷ್ಠಾಧಿಕಾರವನ್ನು ಮತಾಂತರಕ್ಕೆ ಆಮಿಷವಾಗಿ ಒಡ್ಡಿದರು. ಅಣ್ಣನೊಬ್ಬ ಪ್ರಾರ್ಥನಾ ಮಂದಿರವನ್ನು ಬದಲಿಸಿದ ದಿನವೇ ತಮ್ಮಂದಿರು ಭೂಹೀನರಾಗುವ ಈ ಏರ್ಪಾಡಿನ ಕ್ರೌರ್ಯವನ್ನು ನೆನೆದಾಗಲೆಲ್ಲ, ಪಾಲಿನ ನಿಯಮವನ್ನು ಅಂಕಗಣಿತದಿಂದಷ್ಟೇ ಅಳೆದರೆ ಸಾಲದೆಂದು ನನಗೆ ಮನವರಿಕೆಯಾಗುತ್ತದೆ.

ಫ್ರಾನ್ಸಿನ ದಕ್ಷಿಣದ ಪಿರನೀಸ್ ಪರ್ವತಗಳ ಕಣಿವೆಗಳಲ್ಲಿ ಬೆಳೆದ ಪದ್ಧತಿ ಇವೆಲ್ಲಕ್ಕಿಂತ ಹೆಚ್ಚು ಹೊತ್ತು ನಿಂತು ನೋಡುವಂಥದ್ದು. ಅಲ್ಲಿ ಮನೆಗೆ ಹೆಸರಿತ್ತು, ಆ ಮನೆಯಲ್ಲಿ ಬದುಕುವವರನ್ನು ಊರವರು ಮನೆಯ ಹೆಸರಿನಿಂದಲೇ ಗುರುತಿಸುತ್ತಿದ್ದರು. ಹೊಲ, ಹುಲ್ಲುಗಾವಲಿನ ಹಕ್ಕು, ಊರಿನ ಸಭೆಯಲ್ಲಿ ಮಾತು, ಎಲ್ಲವೂ ಮನೆಗೆ ಸೇರಿದ್ದು. ಕೆಲವು ಕಣಿವೆಗಳಲ್ಲಿ, ಬಾಸ್ಕ್ ಸೀಮೆಯ ಕೆಲವೆಡೆ ಕೂಡ, ಚೊಚ್ಚಲ ಮಗು ಹೆಣ್ಣಾದರೆ ಅವಳೇ ಮನೆಯ ಒಡತಿ. ಅವಳನ್ನು ಮದುವೆಯಾಗಿ ಬಂದವನು ಅವಳ ಮನೆಯ ಹೆಸರನ್ನು ಹೊರುತ್ತಿದ್ದ. ಯುರೋಪಿನ ಇತರ ಕಡೆ ಹೆಣ್ಣುಮಕ್ಕಳಿಗೆ ಕನಸಿನಲ್ಲೂ ಸಿಗದ ಸ್ಥಾನ ಇದು. ಆದರೆ ಆ ಒಡತಿಯ ತಮ್ಮ ತಂಗಿಯರ ಪಾಡೇನು? ಒಳ್ಳೆಯ ಸಂಬಂಧ ಕೂಡಿಬಂದರೆ ಒಂದಿಷ್ಟು ಹಣ ಹಿಡಿದು ಬೇರೊಂದು ಮನೆಯ ಉತ್ತರಾಧಿಕಾರಿಯನ್ನು ಕೈಹಿಡಿಯಬಹುದಿತ್ತು. ಇಲ್ಲವಾದರೆ ಮದುವೆಯಿಲ್ಲದೆ ಅದೇ ಸೂರಿನಡಿ ಉಳಿದು, ಅಕ್ಕನ ಅಥವಾ ಅಣ್ಣನ ಹೊಲದಲ್ಲಿ ಸಂಬಳವಿಲ್ಲದೆ ದುಡಿದು, ಅವರ ಮಕ್ಕಳನ್ನು ಎತ್ತಿ ಆಡಿಸಿ, ಮುಪ್ಪಿನಲ್ಲಿ ಅವರದೇ ಒಲೆಯ ಮುಂದೆ ಒಂದು ಜಾಗ ಪಡೆದು ಸಾಯಬೇಕಿತ್ತು. ಒಂದು ಮನೆ ಹತ್ತು ತಲೆಮಾರು ನಿಂತಿದೆಯೆಂದು ಹೆಮ್ಮೆಯಿಂದ ತೋರಿಸುವಾಗ, ಅದನ್ನು ನಿಲ್ಲಿಸಲು ತಮ್ಮ ಮದುವೆಯನ್ನೂ ಮಕ್ಕಳನ್ನೂ ಬಿಟ್ಟುಕೊಟ್ಟವರ ಹೆಸರು ವಂಶವೃಕ್ಷದಲ್ಲಿ ಕೊಂಬೆಯೊಡೆಯದೆ ನಿಂತುಬಿಟ್ಟಿರುತ್ತದೆ.

ಈ ಕಥೆಗೆ ಒಂದು ಕಹಿ ತಿರುವೂ ಇದೆ. ಅದೇ ಪಿರನೀಸ್ ತಪ್ಪಲಿನ ಬೆಯಾರ್ನ್ ಸೀಮೆಯಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ಡ್ಯೂ ತನ್ನ ಸೀಮೆಯ ಅವಿವಾಹಿತ ರೈತರನ್ನು ಕುರಿತು 1962ರಲ್ಲಿ ಒಂದು ದೀರ್ಘ ಅಧ್ಯಯನವನ್ನು ಪ್ರಕಟಿಸಿದ. ಆ ಹೊತ್ತಿಗೆ ಸ್ಥಿತಿ ತಲೆಕೆಳಗಾಗಿತ್ತು. ಹಿಂದೆ ಮದುವೆಯಿಲ್ಲದೆ ಉಳಿಯುತ್ತಿದ್ದವರು ಕಿರಿಯರು. ಈಗ ಪಟ್ಟಣದ ಕೆಲಸ, ಪಟ್ಟಣದ ಸಂಬಂಧ ಹಿಡಿದು ಕಿರಿಯರೂ ಹೆಣ್ಣುಮಕ್ಕಳೂ ಹೊರಟುಹೋಗಿದ್ದರು. ಹೊಲಕ್ಕೆ ಕಟ್ಟುಬಿದ್ದ ಹಿರಿಯ ಗಂಡುಮಕ್ಕಳನ್ನು ಕೈಹಿಡಿಯಲು ಯಾರೂ ಮುಂದಾಗುತ್ತಿರಲಿಲ್ಲ. ಎಲ್ಲವನ್ನೂ ಪಡೆದವನೇ ವಂಶದ ಕೊನೆಯವನಾದ. ಪದ್ಧತಿಯನ್ನು ಹುಟ್ಟಿಸಿದ ಪರಿಸ್ಥಿತಿ ಕರಗಿದ ಮೇಲೂ ಪದ್ಧತಿ ಉಳಿದರೆ ಅದು ಯಾರನ್ನು ಕಾಯಬೇಕಿತ್ತೋ ಅವರನ್ನೇ ಬಲಿ ತೆಗೆದುಕೊಳ್ಳಬಹುದು.

ಕಾನೂನಿನ ಮಟ್ಟದಲ್ಲಿ ಈ ಪದ್ಧತಿಯ ವಿರುದ್ಧ ನಡೆದ ಹೋರಾಟ ಹಳೆಯದು. ಫ್ರಾನ್ಸಿನ ಕ್ರಾಂತಿಕಾರಿಗಳು 1790ರಲ್ಲಿ ಕುಲೀನರ ಜಹಗೀರುಗಳ ಜ್ಯೇಷ್ಠಾಧಿಕಾರವನ್ನು ರದ್ದುಗೊಳಿಸಿ, ಮುಂದಿನ ವರ್ಷ ಉಯಿಲಿಲ್ಲದ ಆಸ್ತಿಯಲ್ಲಿ ಮಕ್ಕಳೆಲ್ಲರಿಗೂ ಸಮಪಾಲು ಎಂದು ಸಾರಿದರು. 1826ರಲ್ಲಿ ಅರಸೊತ್ತಿಗೆಯ ಸರ್ಕಾರ ಹಿರಿಯನಿಗೆ ಹೆಚ್ಚಿನ ಪಾಲನ್ನು ಮರಳಿ ತರಲು ಹೊರಟಾಗ, ಆ ಮಸೂದೆಯನ್ನು ತಿರಸ್ಕರಿಸಿದ್ದು ಕುಲೀನರೇ ತುಂಬಿದ್ದ ಮೇಲ್ಮನೆ. ಅಮೆರಿಕದ ವರ್ಜೀನಿಯಾದಲ್ಲಿ ಕಾನೂನುಗಳ ಪರಿಷ್ಕರಣೆ ನಡೆದಾಗ, ಎಲ್ಲವನ್ನೂ ಅಲ್ಲದಿದ್ದರೂ ಎರಡು ಪಾಲನ್ನಾದರೂ ಹಿರಿಯನಿಗೆ ಉಳಿಸೋಣವೆಂದು ಎಡ್ಮಂಡ್ ಪೆಂಡಲ್ಟನ್ ಕೇಳಿಕೊಂಡನು. ಹಿರಿಯ ಮಗ ಎರಡರಷ್ಟು ಉಣ್ಣಬಲ್ಲವನಾದರೆ, ಇಲ್ಲವೆ ಎರಡರಷ್ಟು ಕೆಲಸ ಮಾಡಬಲ್ಲವನಾದರೆ, ಆಗ ಎರಡು ಪಾಲಿಗೆ ಅವನು ಸಹಜ ಹಕ್ಕುದಾರನೆಂದು ಒಪ್ಪಬಹುದೆಂದು ಥಾಮಸ್ ಜೆಫರ್ಸನ್ ಉತ್ತರಿಸಿದನು. 1785ರಲ್ಲಿ ಅಲ್ಲಿ ಜ್ಯೇಷ್ಠಾಧಿಕಾರ ರದ್ದಾಯಿತು. ಆದರೆ ಜೆಫರ್ಸನ್‌ನ ಉತ್ತರದಲ್ಲಿ ಒಂದು ಪ್ರಶ್ನೆ ಉಳಿದೇಹೋಯಿತೆಂದು ನನಗನ್ನಿಸುತ್ತದೆ. ಹಿರಿಯ ಮಗು ನಿಜಕ್ಕೂ ಎರಡರಷ್ಟು ಕೆಲಸ ಮಾಡಿದ್ದರೆ?

ಮೊದಲು ಹುಟ್ಟಿದವರು ಸ್ವಭಾವತಃ ಸಮರ್ಥರು ಎಂಬ ಮಾತನ್ನು ಇಲ್ಲಿಗೇ ಮುಗಿಸಿಬಿಡೋಣ. ನಾರ್ವೆಯಲ್ಲಿ ಕಡ್ಡಾಯ ಸೇನಾ ಸೇವೆಗೆ ಬಂದ ಸುಮಾರು 2,40,000 ಯುವಕರ ಬುದ್ಧಿಶಕ್ತಿ ಪರೀಕ್ಷೆಗಳನ್ನು ಪೆಟ್ಟರ್ ಕ್ರಿಸ್ಟೆನ್ಸನ್ ಮತ್ತು ಟೋರ್ ಬ್ಯರ್ಕೆಡಾಲ್ ಪರಿಶೀಲಿಸಿ 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹಿರಿಯರ ಅಂಕಗಳು ಸರಾಸರಿಯಲ್ಲಿ ಸ್ವಲ್ಪ ಮುಂದಿದ್ದವು, ನಿಜ. ಆದರೆ ಅಣ್ಣನೋ ಅಕ್ಕನೋ ಎಳವೆಯಲ್ಲೇ ತೀರಿಕೊಂಡು, ಎರಡನೆಯವರಾಗಿ ಹುಟ್ಟಿಯೂ ಮನೆಯ ಹಿರಿಯರಾಗಿ ಬೆಳೆದವರ ಅಂಕಗಳು ಚೊಚ್ಚಲ ಮಕ್ಕಳ ಅಂಕಗಳಂತೆಯೇ ಇದ್ದವು. ಆ ಅಲ್ಪ ಅಂತರ ಗರ್ಭದಲ್ಲಿ ಮೂಡಿದ್ದಲ್ಲ, ಹಿರಿಯ ಸ್ಥಾನದಲ್ಲಿ ಬೆಳೆದದ್ದರಿಂದ ಬಂದದ್ದು.

ಆ ಹಿರಿಯ ಸ್ಥಾನದ ಕೆಲಸವನ್ನು ಹೆಚ್ಚಾಗಿ ಮಾಡುವವರು ಯಾರು ಎಂಬುದನ್ನು ಗಮನಿಸಬೇಕು. ಅನೇಕ ಸಮಾಜಗಳಲ್ಲಿ ಚೊಚ್ಚಲ ಎಂಬ ಪದದ ಮುಂದೆ ಗಂಡು ಎಂಬ ಪದ ಮೌನವಾಗಿ ಸೇರಿಕೊಂಡಿರುತ್ತದೆ. ಮೊದಲು ಹುಟ್ಟಿದ ಹೆಣ್ಣುಮಗು ತನ್ನ ತಮ್ಮ ತಂಗಿಯರಿಗೆ ಎರಡನೆಯ ತಾಯಿಯಾಗಿ, ಅವರ ಓದಿಗಾಗಿ ತನ್ನ ಓದನ್ನು ಬಿಟ್ಟು, ಕೊನೆಗೆ ಪಾಲಿನ ಮಾತು ಬಂದಾಗ ಹೊರಗಿನವಳಾಗುತ್ತಾಳೆ. ಹೊಣೆಯ ಪಟ್ಟಿಯಲ್ಲಿ ಅವಳು ಹಿರಿಯಳು, ಹಕ್ಕಿನ ಪಟ್ಟಿಯಲ್ಲಿ ಅವಳಿಲ್ಲ. ನಾರ್ವೆಯಲ್ಲಿ ಹೊಲವನ್ನು ಇಡಿಯಾಗಿ ಪಡೆಯುವ ಹಿರಿಯರ ಹಕ್ಕು 1814ರ ಸಂವಿಧಾನದಲ್ಲೇ ರಕ್ಷಣೆ ಪಡೆದಿತ್ತು. ಆದರೆ ಅದರಲ್ಲಿ ಹೆಣ್ಣುಮಕ್ಕಳನ್ನು ಸಮವಾಗಿ ಎಣಿಸಲು 1974ರ ಕಾನೂನು ಬರಬೇಕಾಯಿತು. ಬ್ರಿಟನ್ನಿನ ಸಿಂಹಾಸನದ ಕ್ರಮದಲ್ಲಿ ತಮ್ಮನು ಅಕ್ಕನನ್ನು ದಾಟಿ ಮುಂದೆ ಹೋಗುವುದು ನಿಂತದ್ದು 2015ರಲ್ಲಿ.

ಪಾಲೂ ಹೊಣೆಯೂ ಬೇರ್ಪಟ್ಟರೆ ಏನಾಗುತ್ತದೆಂಬುದನ್ನು ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯ 2004ರ ಒಂದು ತೀರ್ಪಿನಲ್ಲಿ ನೇರವಾಗಿ ಎದುರಿಸಿತು. ತಂದೆಯನ್ನು ಕಳೆದುಕೊಂಡ ಇಬ್ಬರು ಪುಟ್ಟ ಹುಡುಗಿಯರಿಗೆ ಅವನ ಮನೆ ಸಿಗಲಿಲ್ಲ. ಸಾಂಪ್ರದಾಯಿಕ ಪುರುಷ ಜ್ಯೇಷ್ಠಾಧಿಕಾರದ ಪ್ರಕಾರ ಸತ್ತವನ ತಂದೆ, ಅಂದರೆ ಆ ಹುಡುಗಿಯರ ಅಜ್ಜನೇ ವಾರಸುದಾರ. ಅಂತ್ಯಕ್ರಿಯೆಯ ಖರ್ಚಿಗೆ ಮನೆಯನ್ನು ಮಾರುವುದು ಅಜ್ಜನ ಉದ್ದೇಶ. ಹಳೆಯ ಸಮಾಜದಲ್ಲಿ ವಾರಸುದಾರನು ಸತ್ತವನ ಸ್ಥಾನಕ್ಕೆ ಬಂದು ಅವನನ್ನು ನಂಬಿದ್ದವರೆಲ್ಲರನ್ನೂ ಸಾಕಬೇಕಿತ್ತೆಂಬುದನ್ನು ನ್ಯಾಯಾಲಯ ಒಪ್ಪಿಕೊಂಡಿತು. ಈಗ ಕುಟುಂಬಗಳು ಚದುರಿಹೋಗಿವೆ, ವಾರಸುದಾರರು ಆಸ್ತಿಯನ್ನಷ್ಟೇ ಪಡೆದು ಹೊಣೆಯನ್ನು ಕೈಬಿಡುವುದು ಸಾಮಾನ್ಯವಾಗಿದೆ ಎಂದು ನ್ಯಾಯಮೂರ್ತಿ ಲಾಂಗಾ ಬರೆದರು. ನಿಯಮ ಸಂವಿಧಾನಬಾಹಿರವೆಂದು ತೀರ್ಮಾನವಾಯಿತು. ಪದ್ಧತಿಯನ್ನು ಹೀನಾಯಗೊಳಿಸದೆಯೇ ಅದು ಇಂದು ಏನಾಗಿದೆಯೆಂದು ಹೇಳಿದ ಆ ರೀತಿ ನನಗೆ ತುಂಬ ಗೌರವ ಹುಟ್ಟಿಸಿತು.

ಇದರ ಎದುರು ಬದಿಯ ಅನ್ಯಾಯದ ಬಗ್ಗೆ ಸಮಪಾಲಿನ ಪರವಾಗಿರುವ ನನ್ನಂಥವರು ಹೆಚ್ಚು ಮಾತಾಡುವುದಿಲ್ಲ. ಹದಿನೇಳನೆಯ ವಯಸ್ಸಿಗೇ ಓದು ನಿಲ್ಲಿಸಿ ತಂದೆಯ ಸಾಲವನ್ನು ಹೆಗಲಿಗೇರಿಸಿಕೊಂಡು, ತಮ್ಮನ ಕಾಲೇಜಿನ ಶುಲ್ಕ ಕಟ್ಟಿ, ತಂಗಿಯ ಮದುವೆ ಮಾಡಿ, ಮುಪ್ಪಿನ ತಾಯಿಯ ಹಾಸಿಗೆಯ ಬಳಿ ವರ್ಷಗಟ್ಟಲೆ ಕುಳಿತ ಹಿರಿಯ ಮಗುವಿನ ಮುಂದೆ, ಕಾನೂನು ಎಲ್ಲರಿಗೂ ಸಮನಾಗಿದೆ ಎಂದು ಪಾಲುಪತ್ರವನ್ನು ಚಾಚಿದರೆ ಅದು ಯಾವ ಸಮಾನತೆ? ಆ ತಮ್ಮನ ವಿದ್ಯೆಯೂ ಆ ಮನೆಯ ಆಸ್ತಿಯೇ. ಅದು ಯಾವ ಪಟ್ಟಿಯಲ್ಲೂ ನಮೂದಾಗುವುದಿಲ್ಲ, ಅಷ್ಟೆ. ನಾನು ಹಿರಿಯತನಕ್ಕೆ ಪಾಲು ಕೊಡುವುದನ್ನು ಒಪ್ಪುವುದಿಲ್ಲ. ದುಡಿಮೆಗೆ, ಆರೈಕೆಗೆ ಪಾಲು ಕೊಡಬೇಕೆನ್ನುತ್ತೇನೆ, ಅದನ್ನು ಮಾಡಿದವರು ಚೊಚ್ಚಲವಾಗಿರಲಿ, ಕೊನೆಯವರಾಗಿರಲಿ, ಮನೆಗೆ ಬಂದ ಸೊಸೆಯಾಗಿರಲಿ.

ಇದು ಬರೀ ಆಶಯವಲ್ಲ. ಸಮಪಾಲನ್ನು ಕಟ್ಟುನಿಟ್ಟಾಗಿ ಪಾಲಿಸುವ ಫ್ರಾನ್ಸು, ಹೆತ್ತವರ ಹೊಲದಲ್ಲಿ ಸಂಬಳವಿಲ್ಲದೆ ದುಡಿದ ಮಗುವಿಗೆ ಬಾಕಿ ಕೂಲಿಯ ಹಕ್ಕಿದೆಯೆಂದು 1939ರಲ್ಲೇ ಕಾನೂನು ಮಾಡಿತು. ಪಾಲಾಗುವ ಮೊದಲು ಆ ಕೂಲಿ ಆಸ್ತಿಯ ಮೇಲಿನ ಸಾಲವಾಗಿ ತೀರಬೇಕು. ಜರ್ಮನಿಯ ರೈತರಲ್ಲಿ ಹೊಲವನ್ನು ಒಬ್ಬ ಮಗುವಿಗೆ ವಹಿಸಿಕೊಡುವ ಪತ್ರದಲ್ಲಿಯೇ ಹೆತ್ತವರಿಗೆ ಯಾವ ಕೋಣೆ, ವರ್ಷಕ್ಕೆ ಎಷ್ಟು ಧಾನ್ಯ, ಎಷ್ಟು ಸೌದೆ ಎಂದು ಬರೆಸಿಡುವ ಹಳೆಯ ರೂಢಿಯಿದೆ. ಹೆತ್ತ ಮಕ್ಕಳೊಡನೆ ಕರಾರು ಮಾಡಿಕೊಳ್ಳುವುದೇ ಎಂದು ಕೆಲವರಿಗೆ ಕಸಿವಿಸಿಯಾಗಬಹುದು. ಬರೆಯದೆ ಬಿಟ್ಟ ಕರಾರುಗಳೇ ತಂದೆ ತಾಯಿ ತೀರಿಕೊಂಡ ಮೇಲೆ ಒಡಹುಟ್ಟಿದವರ ನಡುವೆ ವಿಷವಾಗುವುದನ್ನು ಕಂಡವರಿಗೆ ಆ ಕಸಿವಿಸಿ ಬಹಳ ದಿನ ಉಳಿಯುವುದಿಲ್ಲ.

ಜಪಾನಿನ ಉದಾಹರಣೆ ಎಲ್ಲಕ್ಕಿಂತ ಹೆಚ್ಚು ಕಲಿಸುವಂಥದ್ದೆಂದು ನನ್ನ ಭಾವನೆ. 1898ರ ನಾಗರಿಕ ಸಂಹಿತೆ ಮನೆಯ ಯಜಮಾನಿಕೆಯನ್ನೂ ಆಸ್ತಿಯನ್ನೂ ಸಾಮಾನ್ಯವಾಗಿ ಹಿರಿಯ ಮಗನಿಗೆ ಇಡಿಯಾಗಿ ಕೊಟ್ಟಿತ್ತು. ಯುದ್ಧಾನಂತರ 1947ರಲ್ಲಿ ಅದು ರದ್ದಾಗಿ ಮಕ್ಕಳೆಲ್ಲರೂ ಸಮಾನ ಹಕ್ಕುದಾರರಾದರು. ಹಕ್ಕು ಹಂಚಿಹೋದರೂ ಮುಪ್ಪಿನ ಹೆತ್ತವರನ್ನು ನೋಡಿಕೊಳ್ಳುವ ನಿರೀಕ್ಷೆ ಹಿರಿಯ ಮಗನ ಮನೆಯಲ್ಲೇ, ಮುಖ್ಯವಾಗಿ ಅವನ ಹೆಂಡತಿಯ ಮೇಲೆ ಉಳಿಯಿತು. 1980ರ ತಿದ್ದುಪಡಿ, ಆಸ್ತಿಯನ್ನು ಬೆಳೆಸಲು ಅಥವಾ ಉಳಿಸಲು ವಿಶೇಷವಾಗಿ ಶ್ರಮಿಸಿದ ವಾರಸುದಾರರಿಗೆ ಅದಕ್ಕೆ ತಕ್ಕ ಹೆಚ್ಚುವರಿ ಭಾಗವನ್ನು ಕೊಟ್ಟಿತು. ಆದರೆ ಸೊಸೆ ವಾರಸುದಾರಳಲ್ಲ. ಹತ್ತು ವರ್ಷ ಅತ್ತೆಯ ಆರೈಕೆ ಮಾಡಿದರೂ, ಒಮ್ಮೆಯೂ ಬಂದು ನೋಡದ ಮೈದುನನಿಗೆ ಸಿಗುವುದು ಅವಳಿಗೆ ಸಿಗುತ್ತಿರಲಿಲ್ಲ. 2018ರಲ್ಲಿ ಅಂಗೀಕಾರವಾಗಿ 2019ರ ಜುಲೈಯಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಸೇವೆಗೆ ಪ್ರತಿಫಲ ಪಡೆಯದ ಇಂಥ ಸಂಬಂಧಿಗಳು ವಾರಸುದಾರರಿಂದ ಹಣವನ್ನು ಕೇಳಬಹುದು. ಕೇಳುವವಳು ತಾನು ಮಾಡಿದ್ದನ್ನು ರುಜುವಾತುಪಡಿಸಬೇಕಾಗುತ್ತದೆ: ಯಾವ ದಿನ ಆಸ್ಪತ್ರೆಗೆ ಕರೆದೊಯ್ದಳು, ಎಷ್ಟು ರಾತ್ರಿ ಎಚ್ಚರವಿದ್ದಳು, ಔಷಧಿಗೆ ಯಾರ ಹಣ ಹೋಯಿತು. ಆರೈಕೆ ಮಾಡುವ ಹೊತ್ತಿನಲ್ಲಿ ಇಂಥ ಲೆಕ್ಕ ಬರೆದಿಡುವುದು ಯಾರಿಗೂ ಹಿತವಲ್ಲ. ಅದನ್ನು ಮಾಡಿಸಿಕೊಳ್ಳುತ್ತಿರುವವರೇ, ಮಾತಾಡುವ ಶಕ್ತಿಯಿರುವಾಗಲೇ, ಮಕ್ಕಳೆಲ್ಲರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿ, ತಮ್ಮ ಉಯಿಲಿನಲ್ಲಿ ಬರೆಸಿಟ್ಟರೆ ಅವಳು ಅದನ್ನು ಬರೆಯಬೇಕಾಗಿಯೇ ಇಲ್ಲ.